ಯಜಮಾನರ ಕಾಲಿನ ಅಳತೆ

ಆ ಬೂಟಿನ ಕಾರ್ಖಾನೆಯಲ್ಲಿ ಒಂದು ಪದ್ಧತಿ ಇತ್ತು. ಹೊಸ ಮಾದರಿಯ ಬೂಟು ಯಾವುದೇ ಸಿದ್ಧವಾಗಲಿ, ಮೊದಲು ಅದನ್ನು ಯಜಮಾನರು ಹಾಕಿಕೊಳ್ಳಬೇಕು. ಹಾಕಿಕೊಂಡು ಹೊಲಿಗೆ ಹಾಲಿನ ಕಿಟಕಿಯಿಂದ ಬಾಗಿಲಿನವರೆಗೆ ನಡೆಯಬೇಕು. ಅಷ್ಟು ಹೊತ್ತು ಮಷಿನ್ನುಗಳೆಲ್ಲ ನಿಲ್ಲುತ್ತಿದ್ದವು. ಬಾಗಿಲ ಬಳಿ ಅವರು ತಿರುಗಿ ತಲೆ ಆಡಿಸಿದರೆ ಆ ಮಾದರಿ ತಯಾರಿಗೆ ಹೋಗುತ್ತಿತ್ತು. ಆಡಿಸದಿದ್ದರೆ ಬೂಟಿಗೆ ಆಕಾರ ಕೊಡುವ ಮರದ ಅಚ್ಚು ಮತ್ತೆ ಮೇಸ್ತ್ರಿಯ ಮೇಜಿಗೆ ಬರುತ್ತಿತ್ತು. ಗಂಡಸರ ಬೂಟು, ಹೆಂಗಸರ ಬೂಟು ಎಂಬ ಭೇದವೂ ಇರಲಿಲ್ಲ. ಯಜಮಾನರದು ಗಂಡಸರಲ್ಲಿ ಸಣ್ಣ ಪಾದ, ಅದೇ ಕಾರ್ಖಾನೆಯ ನಡು ಅಳತೆ. ದೊಡ್ಡ ಸೈಜು, ಚಿಕ್ಕ ಸೈಜು ಎಲ್ಲವನ್ನೂ ಅದರಿಂದಲೇ ಲೆಕ್ಕ ಹಾಕುತ್ತಿದ್ದರು.

ಇದನ್ನು ಶುರುಮಾಡಿದವರು ಅವರ ತಂದೆ. ಮಗನಿಗೆ ಮೀಸೆ ಚಿಗುರುತ್ತಿದ್ದ ಕಾಲದಲ್ಲಿ ಅವನ ಪಾದವನ್ನು ಕೈಯಲ್ಲಿ ಹಿಡಿದು, "ಕಾಲು ಅಂದ್ರೆ ಇದು ಕಣೋ, ಇದಕ್ಕೆ ಸರಿಹೋದದ್ದು ಊರಿಗೆಲ್ಲ ಸರಿಹೋಗುತ್ತೆ" ಎಂದಿದ್ದರಂತೆ. ಹೊಗಳಿದ ಅಪ್ಪ ಹೋದರು, ಹೊಗಳಿಕೆ ಉಳಿಯಿತು. ಲೋಕದಲ್ಲಿ ಬುದ್ಧಿಯ ಮೇಲೆ ಜಂಬಪಡುವವರುಂಟು, ರೂಪದ ಮೇಲೆ ಜಂಬಪಡುವವರುಂಟು. ನಮ್ಮ ಯಜಮಾನರು ಪಾದದ ಮೇಲೆ ಜಂಬಪಟ್ಟರು. ತಲೆಗೇರಿದ ಜಂಬವಾಗಿದ್ದರೆ ಯಾರಾದರೂ ಇಳಿಸುತ್ತಿದ್ದರೋ ಏನೋ, ಕಾಲಿನಲ್ಲಿ ಕೂತದ್ದನ್ನು ಹುಡುಕುವವರು ಯಾರು?

ಆದರೆ ಪಾದಕ್ಕೂ ವಯಸ್ಸಾಗುತ್ತದೆ. ಅರವತ್ತು ದಾಟಿದ ಮೇಲೆ ಅವರ ಹೆಬ್ಬೆರಳ ಬುಡದ ಮೂಳೆ ಉಬ್ಬಿ ಹೊರಗೆ ಬಂತು. ಸಂಜೆಯಾಗುವಷ್ಟರಲ್ಲಿ ಪಾದ ಊದಿಕೊಳ್ಳುತ್ತಿತ್ತು. ಸ್ವಂತ ಕಾರ್ಖಾನೆಯ ಬೂಟನ್ನು ಹಾಕಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಊರಿಗೆಲ್ಲ ಅಳತೆಯಾದ ಕಾಲೇ ಕೆಟ್ಟಿತು ಎಂದು ಯಾರ ಹತ್ತಿರ ಹೇಳಿಕೊಳ್ಳುವುದು? ಹೇಳಿಕೊಳ್ಳಲಿಲ್ಲ. ಬದಲಿಗೆ ಪ್ರತಿ ಹೊಸ ಮಾದರಿಗೂ, ಮುಂದುಗಡೆ ಇನ್ನಷ್ಟು ಅಗಲ ಬೇಕು, ಇನ್ನೊಂದು ಚೂರು ಸಡಿಲ ಬೇಕು ಎನ್ನುತ್ತ ಹೋದರು. ಮೇಸ್ತ್ರಿ ಅಚ್ಚಿನ ಮೇಲೆ ತೊಗಲಿನ ತುಂಡು ಅಂಟಿಸಿ ಅಂಟಿಸಿ ದಪ್ಪ ಮಾಡುತ್ತ ಹೋದರು. ಅಚ್ಚು ದಪ್ಪವಾದಷ್ಟೂ ಬೂಟು ಅಗಲವಾಯಿತು, ನೆಟ್ಟಗಿರುವ ಕಾಲು ಅದರೊಳಗೆ ನಿಲ್ಲದೆ ಹಿಂದೆ ಮುಂದೆ ಜಾರತೊಡಗಿತು.

ಇನ್ನೊಂದು ಸಂಗತಿ ಹೆಂಡತಿಗೂ ಗೊತ್ತಿರಲಿಲ್ಲ. ಯಜಮಾನರು ಊರಿನ ಆಚೆ ತುದಿಗೆ ಹೋಗಿ ಎದುರಾಳಿ ಕಂಪನಿಯ ಮೆತ್ತನೆಯ ಬೂಟು ಕೊಂಡು ತಂದಿದ್ದರು. ಅದರ ಚೀಟಿ ಕಿತ್ತು ಸ್ವಂತ ಕಾರ್ಖಾನೆಯ ಚೀಟಿ ಅಂಟಿಸಿಕೊಂಡು ದಿನವೂ ಅದರಲ್ಲೇ ಓಡಾಡುತ್ತಿದ್ದರು. ಬೇರೆ ಯಾರಾದರೂ ಹೀಗೆ ಮಾಡಿದ್ದರೆ ಮೊದಲು ಕೂಗಾಡುತ್ತಿದ್ದವರು ಅವರೇ.

ಕಾರ್ಖಾನೆಯ ಮೇಲಿನ ಹಾಲಿನಲ್ಲಿ ಒಂದು ದೊಡ್ಡ ಆಸ್ಪತ್ರೆಯ ನರ್ಸ್‌ಗಳಿಗೆ ಬಿಳಿ ಬೂಟು ಹೊಲಿಯುತ್ತಿದ್ದರು. ಆ ಹಾಲಿಗೆ ಬೇರೆ ಕೆಲಸವೇ ಇರಲಿಲ್ಲ. ಆಸ್ಪತ್ರೆಯಿಂದ ದೂರು ಬರತೊಡಗಿತು, ಹಿಮ್ಮಡಿ ಉಜ್ಜುತ್ತಿದೆ, ಬೊಬ್ಬೆ ಏಳುತ್ತಿದೆ ಎಂದು. ಯಜಮಾನರು ದಾರಕ್ಕೆ ಬೈದರು, ಅಂಟಿಗೆ ಬೈದರು, ಕೊನೆಗೆ ನರ್ಸ್‌ಗಳ ನಡಿಗೆಗೇ ಬೈದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಗಾದೆಯನ್ನೂ ಹೇಳಿದರು. ಗಾದೆ ಸರಿಯಾಗಿಯೇ ಇತ್ತು, ಯಾರಿಗೆ ಹೇಳಬೇಕಿತ್ತೋ ಅವರಿಗೆ ಹೇಳಲಿಲ್ಲ ಅಷ್ಟೆ.

ಬೂಟಿನ ಮಾದರಿಗಳನ್ನು ಬರೆದು ಕತ್ತರಿಸುವ ಕೆಲಸ ಅವರ ಮಗಳದು. ಅಚ್ಚೇ ಕೆಟ್ಟಿದೆ, ನರ್ಸ್‌ಗಳ ಕಾಲನ್ನೇ ಅಳೆದು ನೋಡೋಣ ಎಂದು ಅವಳು ಎಲ್ಲರ ಮುಂದೆ ಹೇಳಿಬಿಟ್ಟಳು. ಅವರೂ ಎಲ್ಲರ ಮುಂದೆಯೇ, ನನ್ನ ಕಾಲಿಗಿಂತ ದೊಡ್ಡ ಅಳತೆ ಬೇಕಾ ನಿನಗೆ ಎಂದು ಅವಳ ಬಾಯಿ ಮುಚ್ಚಿಸಿದರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ. ಅಂದಿನಿಂದ ಮನೆಯಲ್ಲಿ ಅಪ್ಪ ಮಗಳ ಮಾತು ನಿಂತಿತು. ಊಟಕ್ಕೆ ಕೂತರೆ, "ಅಮ್ಮಾ, ಅಪ್ಪಂಗೆ ಉಪ್ಪು ಬೇಕಾ ಕೇಳು" ಎನ್ನುವಳು ಅವಳು. ಬೇಡ ಅಂತ ಹೇಳು ಎನ್ನುವರು ಇವರು. ಮೂವರೂ ಕೂತಿರುವುದು ಒಂದೇ ಮೇಜಿಗೆ! ತಾಯಿಗೆ ಸಾಕುಸಾಕಾಗಿ, ತಾನೇನು ಟಪಾಲಿನವಳಾ ಎಂದು ತಟ್ಟೆ ಹಿಡಿದು ಅಡುಗೆಮನೆಗೆ ಎದ್ದುಹೋದರು.

ಕೊನೆಗೆ ಆಸ್ಪತ್ರೆಯವರು ಫೋನ್ ಮಾಡಿದರು. ಹೆಡ್ ಸಿಸ್ಟರ್ ಸೋಮವಾರ ಖುದ್ದಾಗಿ ಬಂದು ಹೊಸ ಮಾದರಿ ನೋಡುತ್ತಾರೆ. ಒಪ್ಪಿಗೆಯಾದರೆ ಸರಿ, ಇಲ್ಲದಿದ್ದರೆ ಬೇರೆಯವರಿಂದ ಹೊಲಿಸಿಕೊಳ್ಳುತ್ತಾರೆ. ಅಂದರೆ ಮೇಲಿನ ಹಾಲು ಮುಚ್ಚಬೇಕು, ಅಲ್ಲಿ ಹೊಲಿಯುವವರೆಲ್ಲ ಮನೆಗೆ ಹೋಗಬೇಕು. ಈ ಮಾತು ಯಾರೂ ಬಾಯಿಬಿಟ್ಟು ಹೇಳದೆ ಎಲ್ಲರಿಗೂ ಗೊತ್ತಾಯಿತು. ಯಜಮಾನರು ಮತ್ತೆ ಅಚ್ಚು ತಿದ್ದಿಸಿದರು, ಮತ್ತೆ ಮುಂದುಗಡೆಯೇ, ಮತ್ತೆ ಅಗಲಕ್ಕೇ.

ಸೋಮವಾರ ಬಂದ ಹೆಡ್ ಸಿಸ್ಟರ್ ಎತ್ತರದ ಹೆಂಗಸು, ಮೆಲುದನಿಯವರು. ಬಂದವರೇ ಸ್ಟೂಲಿನ ಮೇಲೆ ಕೂತು ತಮ್ಮ ಹಳೆಯ ಬೂಟು ಬಿಚ್ಚಿದರು. ಎರಡೂ ಹಿಮ್ಮಡಿಗೆ ಪಟ್ಟಿ ಹಾಕಿತ್ತು. ಈ ಬೂಟು ಹಾಕಿದವರನ್ನೇ ಮೊದಲು ವಾರ್ಡಿಗೆ ಸೇರಿಸಬೇಕು ಎಂದು ತಮ್ಮಲ್ಲಿ ನಗುತ್ತಾರೆ ಎಂದರು. ಮೇಲಿನ ಹಾಲಿನ ಹೆಂಗಸರು ನಕ್ಕು, ಯಜಮಾನರ ಮುಖ ನೋಡಿ ನಗುವನ್ನು ನುಂಗಿಕೊಂಡರು.

ಪದ್ಧತಿ ಬಿಡುವಂತಿಲ್ಲವಲ್ಲ. ಯಜಮಾನರು ತಮ್ಮ ಬೂಟನ್ನು ಕಿಟಕಿಯ ಕೆಳಗೆ ಬಿಚ್ಚಿಟ್ಟು ಹೊಸ ಬಿಳಿ ಬೂಟು ಹಾಕಿಕೊಂಡರು. ಮಷಿನ್ನುಗಳು ನಿಂತವು. ಹಲ್ಲು ಕಚ್ಚಿಕೊಂಡು, ಬೆನ್ನು ನೆಟ್ಟಗೆ ಮಾಡಿಕೊಂಡು ಬಾಗಿಲವರೆಗೆ ನಡೆದು, ತಿರುಗಿ ತಲೆ ಆಡಿಸಿದರು. ಹೆಡ್ ಸಿಸ್ಟರ್ ಕೈ ಚಾಚಿ, ತಮ್ಮದೂ ಅದೇ ಸೈಜು, ಕೊಡಿ ನೋಡೋಣ ಎಂದರು. ಯಜಮಾನರು ಬಿಚ್ಚಿ ಕೊಟ್ಟು ಬರೀ ಕಾಲುಚೀಲದಲ್ಲಿ ನಿಂತರು. ಸಿಸ್ಟರ್ ಅದೇ ದಾರಿಯಲ್ಲಿ ನಡೆದರು. ಹೆಜ್ಜೆಗೊಮ್ಮೆ ಹಿಮ್ಮಡಿ ಬೂಟಿನಿಂದ ಮೇಲೆದ್ದು ಮತ್ತೆ ಬೀಳುತ್ತಿತ್ತು. ಚಪ್, ಚಪ್, ಚಪ್. ಮಷಿನ್ನು ನಿಂತಿದ್ದರಿಂದ ಆ ಸದ್ದು ಮೂಲೆಯಲ್ಲಿದ್ದವರಿಗೂ ಕೇಳಿಸಿತು.

"ಈಗ ಹೇಳಿ, ನನ್ನ ನಡಿಗೆ ತಪ್ಪಾ?" ಎಂದರು ಅವರು, ಬಾಗಿಲ ಬಳಿ ನಿಂತು.

ಆಗ ಮೇಸ್ತ್ರಿ ಮುಂದೆ ಬಂದರು. ಯಜಮಾನರ ತಂದೆಯ ಕಾಲದಿಂದ ಇದ್ದ ಮನುಷ್ಯ, ಕೂದಲು ಪೂರ್ತಿ ಬೆಳ್ಳಗಾಗಿತ್ತು. "ತಪ್ಪು ನನ್ನದು ಸಿಸ್ಟರ್. ಯಜಮಾನ್ರು ಹೇಳಿದ್ದೇ ಬೇರೆ, ನಾನು ತಿದ್ದಿದ್ದೇ ಬೇರೆ" ಎಂದರು, ತಲೆ ತಗ್ಗಿಸಿಕೊಂಡು.

ಇದು ಶುದ್ಧ ಸುಳ್ಳು. ಯಜಮಾನರಿಗೆ ಒಂದು ಗಳಿಗೆ ಹಾಯೆನಿಸಿತು, ಅದನ್ನು ಮುಚ್ಚಿಡುವುದೇಕೆ? ಸುಮ್ಮನಿದ್ದರೆ ಸಾಕಿತ್ತು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗುತ್ತಿರಲಿಲ್ಲ. ಮೇಸ್ತ್ರಿಗೆ ನಾಲ್ಕು ಮಾತು ಬೈದು, ಸಿಸ್ಟರ್ ಹತ್ತಿರ ಇನ್ನೊಂದು ವಾರ ಕೇಳಿ, ಅಚ್ಚು ತಿದ್ದಿಸಬಹುದಿತ್ತು. ತಿದ್ದಿಸಿ? ತಿದ್ದಿಸಿದ ಬೂಟನ್ನು ಮತ್ತೆ ಹಾಕಿ ನೋಡುವುದು ಇದೇ ಕಾಲು. ಇದೇ ಕಾಲು ಮತ್ತೆ ಅಗಲ ಬೇಕು ಎನ್ನುತ್ತದೆ. ಮೇಲಿನ ಹಾಲಿಗೆ ಬೀಗ ಬೀಳುತ್ತದೆ, ಮಾಡದ ತಪ್ಪು ಹೊತ್ತ ಮುದುಕ ದಿನಾ ಬೆಳಿಗ್ಗೆ ಬಂದು ತಮಗೆ ನಮಸ್ಕಾರ ಹೇಳುತ್ತಾನೆ.

ಅವರು ಮಗಳ ಕಡೆ ನೋಡಿದರು. ಅವಳು ಇವರ ಮುಖ ನೋಡುತ್ತಿರಲಿಲ್ಲ. ಕಿಟಕಿಯ ಕೆಳಗೆ ಬಿಚ್ಚಿಟ್ಟಿದ್ದ ಬೂಟನ್ನು ನೋಡುತ್ತಿದ್ದಳು. ಹೆಬ್ಬೆರಳ ಪಕ್ಕದಲ್ಲಿ ತೊಗಲು ಉಬ್ಬಿ ಬುಗುಟೆಯಾಗಿತ್ತು. ಅವಳ ಕಣ್ಣಿನಲ್ಲಿ ಗೆದ್ದೆನೆಂಬ ಭಾವ ಇರಲಿಲ್ಲ, ಅಯ್ಯೋ ಎಂಬಂತಿತ್ತು. ಅದನ್ನು ನೋಡಿದ ಮೇಲೆ ಯಜಮಾನರಿಗೆ ನಿಲ್ಲಲಾಗಲಿಲ್ಲ. ಸ್ಟೂಲೊಂದನ್ನು ಎಳೆದುಕೊಂಡು ಕುಳಿತು ಕಾಲುಚೀಲ ಎಳೆದು ತೆಗೆದರು.

"ಮೇಸ್ತ್ರಿ ಸುಳ್ಳು ಹೇಳ್ತಿದ್ದಾರೆ, ನನ್ನ ಮರ್ಯಾದೆ ಉಳಿಸೋಕೆ. ನಾನು ಹೇಳಿದ್ದನ್ನೇ ಅವರು ಮಾಡಿದ್ದು. ಕೆಟ್ಟಿರೋದು ಅಚ್ಚಲ್ಲ, ಇದು ನೋಡಿ, ಈ ಕಾಲು. ಇದಕ್ಕೆ ಹಿತವಾಗಲಿ ಅಂತ ನಿಮ್ಮೆಲ್ಲರ ಬೂಟು ಹಾಳು ಮಾಡ್ದೆ."

ಕಾರ್ಖಾನೆಯವರು ಆ ಪ್ರಸಿದ್ಧ ಪಾದವನ್ನು ಬರಿದಾಗಿ ನೋಡಿದ್ದು ಅದೇ ಮೊದಲು. ಕೆಂಪಗೆ ಊದಿ, ಮೂಳೆ ಒಂದು ಕಡೆ ಹೊರಳಿ, ಪಾಪ ಎನ್ನುವಂತಿತ್ತು. ಹೆಡ್ ಸಿಸ್ಟರ್ ಬೂಟಿನ ಮಾತು ಬಿಟ್ಟು, ಮಂಡಿಯೂರಿ ಪಾದವನ್ನು ಕೈಗೆ ತೆಗೆದುಕೊಂಡು ಒತ್ತಿ ನೋಡಿದರು. ಇಷ್ಟು ನೋವಿಟ್ಟುಕೊಂಡು ಹೇಗೆ ನಡೆದಿರಿ ಎಂದು ಕೇಳಿದರು. ಆ ಪಾದವನ್ನು ಅಪ್ಪನ ನಂತರ ಕೈಯಲ್ಲಿ ಹಿಡಿದವರು ಅವರೇ. ಇದೂ ಇರಲಿ ಎಂದು ಯಜಮಾನರು ಎದುರಾಳಿ ಕಂಪನಿಯ ಬೂಟಿನ ಗುಟ್ಟನ್ನೂ ಹೇಳಿಬಿಟ್ಟರು, ಚೀಟಿ ಅಂಟಿಸಿದ್ದನ್ನೂ ಬಿಡದೆ.

ಮೊದಲು ಯಾರೋ ಕಿಸಕ್ಕೆಂದರು. ಆಮೇಲೆ ಮೇಸ್ತ್ರಿ, ನೆಲ ಬಾಯಿಬಿಟ್ಟರೆ ಒಳಗೆ ಹೋಗಿಬಿಡುವಂತೆ ನಿಂತಿದ್ದವರು, ಮೆಲ್ಲಗೆ ತಮ್ಮ ಬೂಟು ಬಿಚ್ಚಿ ಹಿಮ್ಮಡಿಯ ಜಾಗದಿಂದ ಒಂದು ಮುದ್ದೆ ಹತ್ತಿ ಹೊರಗೆಳೆದರು. ಕಾರ್ಖಾನೆಯ ಜನಕ್ಕೆಲ್ಲ ವರ್ಷಕ್ಕೊಂದು ಜೊತೆ ಬೂಟು ಬಿಟ್ಟಿ ಸಿಗುತ್ತಿತ್ತಲ್ಲ, ಎಲ್ಲರ ಕಾಲಿನಲ್ಲೂ ಅದೇ ಮಾಲು. ಮೇಲಿನ ಹಾಲಿನ ಒಬ್ಬಾಕೆ ಬಟ್ಟೆಯ ಚಿಂದಿ ತೆಗೆದಳು. ಅಂಟು ಹಚ್ಚುವವನು ಸ್ಪಂಜಿನ ತುಂಡು ತೆಗೆದ. ಕಾವಲಿನವನ ಬೂಟಿನಿಂದ ಮಡಿಸಿದ ರಟ್ಟು ಬಂತು. ನೋಡನೋಡುತ್ತಿದ್ದಂತೆ ಸಿಸ್ಟರ್ ಎದುರಿಗೆ ಒಂದು ಪುಟ್ಟ ಗುಡ್ಡೆಯಾಯಿತು. ಊರಿನ ತೊಂದರೆಯನ್ನು ಅವರವರ ಕಾಲಿನ ಮಟ್ಟಿಗೆ ಎಲ್ಲರೂ ಸರಿಮಾಡಿಕೊಂಡಿದ್ದರು, ಒಬ್ಬರೂ ಬಾಯಿ ಬಿಟ್ಟಿರಲಿಲ್ಲ.

"ನನಗೆ ಯಾಕೆ ಹೇಳ್ಲಿಲ್ಲ?" ಎಂದು ಕೇಳಿದರು ಯಜಮಾನರು.

ಚಿಂದಿ ತೆಗೆದಾಕೆಯೇ ಉತ್ತರ ಕೊಟ್ಟಳು. "ನಮ್ಮ ಹಿಮ್ಮಡಿನೇ ಸಣ್ಣದೇನೋ ಅಂದ್ಕೊಂಡ್ವಿ ಯಜಮಾನ್ರೇ. ನಿಮ್ಮ ಕಾಲಿಗೆ ಸರಿಹೋಗಿತ್ತಲ್ಲ."

ಯಜಮಾನರು ಅವಳನ್ನೇ ನೋಡಿದರು, ಗುಡ್ಡೆಯನ್ನು ನೋಡಿದರು, ತಮ್ಮ ಕಾಲನ್ನು ನೋಡಿದರು. ಆಮೇಲೆ ನಕ್ಕರು. ಹೊಟ್ಟೆ ಹಿಡಿದುಕೊಂಡು, ಕಣ್ಣೊರೆಸಿಕೊಂಡು ನಕ್ಕರು. ಎದೆಯ ಮೇಲೆ ಕೂತಿದ್ದ ಬಂಡೆಯನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟಂತಾಗಿತ್ತು. ಅವರು ನಕ್ಕಿದ್ದೇ ತಡ, ಹಾಲಿಗೆ ಹಾಲೇ ನಕ್ಕಿತು. ಹೆಡ್ ಸಿಸ್ಟರ್ ನಗು ನಿಲ್ಲುವವರೆಗೂ ಕಾದು, ಇಷ್ಟು ನಿಜ ಹೇಳಿದವರಿಗೆ ಇನ್ನೊಂದು ಅವಕಾಶ ಕೊಡದಿದ್ದರೆ ಹೇಗೆ, ಆದರೆ ಒಂದೇ ಒಂದು ಎಂದರು. ಮಗಳು ಬಂದು ಅಪ್ಪನ ಪಕ್ಕದಲ್ಲಿ ನೆಲದ ಮೇಲೆ ಕೂತಳು.

"ನಿನಗೆ ಬೇರೆ ಹೊಲಿದುಕೊಡ್ತೀನಪ್ಪ. ನಿನ್ನ ಕಾಲಿಗೆ ಅಂತಾನೇ. ಮೊದಲೇ ಹೇಳಬಾರದಿತ್ತಾ?" ಎಂದಳು. ಅಮ್ಮನ ಮೂಲಕ ಬಾರದ ಮಾತನ್ನು ಅವರು ಕೇಳಿ ಎಷ್ಟು ದಿನವಾಗಿತ್ತೋ.

ಅದಾದ ಮೇಲೆ ಮಗಳು ಆಸ್ಪತ್ರೆಗೆ ಹೋಗಿ ನರ್ಸ್‌ಗಳ ಪಾದದ ಅಳತೆ ತಂದಳು. ದಿನಾ ಬೆಳಿಗ್ಗೆ ಎಲ್ಲರೂ ಮೇಲಿನ ಹಾಲಿನಲ್ಲಿ ಸೇರುವುದು, ಯಾರಿಗೆ ಏನನ್ನಿಸಿದರೂ ಹೇಳುವುದು, ಯಜಮಾನರು ಎಲ್ಲರದ್ದೂ ಮುಗಿದ ಮೇಲೆ ಕೊನೆಗೆ ಮಾತಾಡುವುದು ಎಂದು ನಿಶ್ಚಯವಾಯಿತು. ಅದು ಅವರೇ ಹಾಕಿಕೊಂಡ ಕಟ್ಟು. ಹಾಕಿಕೊಳ್ಳುವುದು ಸುಲಭ, ಪಾಲಿಸಿ ನೋಡಿ ಆಗ ಗೊತ್ತಾಗುತ್ತದೆ. ನಾಲಿಗೆ ತುರಿಸಿದಾಗಲೆಲ್ಲ ಅವರು ಲೋಟ ಎತ್ತಿ ನೀರು ಕುಡಿಯುತ್ತಿದ್ದರು, ಮೊದಲ ದಿನ ಜಗ್ ಖಾಲಿಯಾಯಿತು. ಆದರೆ ಕೇಳುತ್ತ ಕೂತರೆ ಎಂತೆಂಥ ಮಾತು ಬಂದವು! ಒಳಗಿನ ಹೊಲಿಗೆ ಎಲ್ಲಿ ತಾಗುತ್ತದೆ ಎಂಬುದು ಹೊಲಿಯುವವಳಿಗೆ ಗೊತ್ತಿತ್ತು, ವಾರ್ಡಿನ ಒದ್ದೆ ನೆಲದಲ್ಲಿ ಅಟ್ಟೆ ಜಾರುತ್ತದೆ ಎಂದು ಸಿಸ್ಟರ್ ಮಗಳ ಕೈಲಿ ಹೇಳಿಕಳಿಸಿದ್ದರು. ಇಷ್ಟು ವರ್ಷ ಎಲ್ಲ ಪ್ರಶ್ನೆಗೂ ತಾವೇ ಉತ್ತರವಾಗಿರಬೇಕೆಂದು ಹೊತ್ತು ತಿರುಗಿದ ಮನುಷ್ಯನಿಗೆ, ಗೊತ್ತಿಲ್ಲ ನೀವು ಹೇಳಿ ಎನ್ನುವುದು ಇಷ್ಟು ಹಗುರ ಎಂದು ತಿಳಿದಿರಲಿಲ್ಲ. ಮನೆಗೆ ಹೋಗಿ ಹೆಂಡತಿಯ ಹತ್ತಿರ ಅದನ್ನೇ ಹೇಳಿದರು. ಈ ಬುದ್ಧಿ ಮದುವೆಯಾದ ವರ್ಷವೇ ಬಂದಿದ್ದರೆ ಎಷ್ಟು ಚೆನ್ನಾಗಿತ್ತು ರೀ ಎಂದರು ಆಕೆ.

ಹೊಸ ಬೂಟು ಸಿದ್ಧವಾದ ದಿನ ಹೆಡ್ ಸಿಸ್ಟರ್ ಮತ್ತೆ ಬಂದರು. ಮಷಿನ್ನುಗಳು ನಿಂತವು. ಈ ಸಲ ಮೊದಲು ನಡೆದವರು ಅವರು. ಕಿಟಕಿಯಿಂದ ಬಾಗಿಲವರೆಗೆ ಒಂದು ಸದ್ದಿಲ್ಲ, ಹೆಜ್ಜೆ ಇಟ್ಟದ್ದೇ ಕೇಳಿಸಲಿಲ್ಲ. ಬಾಗಿಲಲ್ಲಿ ತಿರುಗಿ ನಿಂತು ಅವರು ನಕ್ಕರು. ಆದರೂ ಅಭ್ಯಾಸಬಲ, ಎಲ್ಲರ ಕಣ್ಣೂ ಯಜಮಾನರ ಕಡೆಗೇ ತಿರುಗಿತು.

ಮಗಳು ಅದೇ ನರ್ಸ್ ಬೂಟಿನ ಇನ್ನೊಂದು ಜೊತೆ ತಂದು ಅವರ ಮುಂದಿಟ್ಟು, "ನೀನೂ ಒಂದ್ಸಲ ಹಾಕಿ ನೋಡಪ್ಪ" ಎಂದಳು.

ಯಜಮಾನರು ಕಾಲು ತೂರಿಸಿದರು, ಎದ್ದು ನಿಂತರು, ಒಂದು ಹೆಜ್ಜೆ ಇಟ್ಟರು. ಮುಖ ಹುಳ್ಳಗಾಯಿತು. ಗೋಡೆ ಹಿಡಿದುಕೊಂಡು ಇನ್ನೊಂದು ಹೆಜ್ಜೆ ಇಟ್ಟು, ಅಲ್ಲೇ ಕುಕ್ಕರಿಸಿದರು.

"ನನಗೆ ಪ್ರಾಣ ಹೋಗೋ ಹಾಗೆ ಕಚ್ಚುತ್ತೆ" ಎಂದರು ಅವರು, ಬೂಟು ಕಳಚುತ್ತ. "ಹಾಗಾದ್ರೆ ಸರಿಯಾಗಿದೆ. ಕಳ್ಸಿ."