ನಮ್ಮವರ ಶೆಡ್ಡಿನ ಎರಡನೇ ಸ್ಪ್ರಿಂಗು

ಹೆಂಡತಿಯಾದವಳು ಗಂಡನ ಹೆಸರು ಹೇಳಬಾರದು, ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನನ್ನ ಅತ್ತೆ ಗುರುಬಸಮ್ಮನವರು ಮದುವೆಯಾದ ಮೂರನೇ ದಿನವೇ ಹೇಳಿಕೊಟ್ಟಿದ್ದರು. ಇಪ್ಪತ್ತಾರು ವರ್ಷ ನಾನು ಆ ಮಾತು ಮೀರಲಿಲ್ಲ. ರೇಷನ್ ಕಾರ್ಡು ಬರೆಯಲು ಬಂದವರು ಯಜಮಾನರ ಹೆಸರು ಕೇಳಿದಾಗಲೂ ಮಗಳ ಬಾಯಲ್ಲಿ ಹೇಳಿಸಿದೆ. ಆದ್ದರಿಂದ ಇಲ್ಲಿಯೂ ಅವರು 'ನಮ್ಮವರು' ಅಷ್ಟೆ. ಪೇಟೆಯಲ್ಲಿ ಪಾತ್ರೆ ಅಂಗಡಿ, ಶಂಕರಪುರದಲ್ಲಿ ಸ್ವಂತ ಮನೆ, ಅದು ಸಾಲದೆಂದು ಒಂದು ಕಪ್ಪು ಕಾರು. ಎಂಜಲು ಕೈಯಲ್ಲಿ ಕಾಗೆ ಓಡಿಸದ ಮನುಷ್ಯ ಕಾರು ಹೇಗೆ ಕೊಂಡರು ಎಂದು ನೀವು ಕೇಳಬಹುದು. ಮಾರಿದವನು ಊರು ಬಿಡುವ ಅವಸರದಲ್ಲಿದ್ದ, ಅದಕ್ಕೆ.

ಕಾರು ಬಂದ ಮೇಲೆ ಶೆಡ್ಡು ಬೇಕಾಯಿತು, ಶೆಡ್ಡಿಗೆ ಬಾಗಿಲು ಬೇಕಾಯಿತು. ಉಳಿದ ಮನೆಗಳಲ್ಲಿ ಮರದ ಎರಡು ಬಾಗಿಲು ಹಾಕಿಸಿಕೊಂಡು ಸುಖವಾಗಿದ್ದಾರೆ. ನಮ್ಮವರು ಚಿಕ್ಕಪೇಟೆಯಲ್ಲಿ ಮುಚ್ಚಿಹೋದ ಬಟ್ಟೆ ಅಂಗಡಿಯೊಂದರ ಸುರುಳಿ ಶಟರನ್ನು ಕಡಿಮೆ ಬೆಲೆಗೆ ಹೊಡೆದುಕೊಂಡು ಬಂದರು. ಆ ಅಂಗಡಿ ಯಾಕೆ ಮುಚ್ಚಿತು ಎಂದು ವಿಚಾರಿಸಲಿಲ್ಲ. "ಒಂದು ಕೈಯಲ್ಲಿ ಎತ್ತಿದ್ರೆ ಮೇಲಕ್ಕೆ ಹೋಗತ್ತೆ ನೋಡಿ," ಎಂದು ಬಂದ ನೆಂಟರಿಗೆಲ್ಲ ಎತ್ತಿ ಇಳಿಸಿ ತೋರಿಸಿದರು. ಮೇಲೆ ಉರುಳೆಯೊಳಗೆ ಎರಡು ಸ್ಪ್ರಿಂಗುಗಳಿದ್ದು, ಭಾರವನ್ನೆಲ್ಲ ಅವೇ ಹೊರುತ್ತವಂತೆ. ಪಾಪ, ಎಷ್ಟು ದಿನ ಹೊರುತ್ತವೆ? ಎಂಟು ತಿಂಗಳಿಗೆ ಒಂದು ಮುರಿಯಿತು. ಶಟರು ಹೆಬ್ಬಂಡೆಯಾಗಿ ನೆಲ ಕಚ್ಚಿತು.

ಚಾಮರಾಜಪೇಟೆಯಿಂದ ದೊಡ್ಡಬೈರಪ್ಪ ಬಂದರು. ಶಟರು ರಿಪೇರಿಯಲ್ಲಿ ಕೂದಲು ನರೆಸಿಕೊಂಡವರು. ಏಣಿ ಹತ್ತಿ ನೋಡಿ ಇಳಿದರು.

"ಜೋಡಿ ಬದಲಾಯಿಸ್ಬೇಕು ಸ್ವಾಮಿ. ನಲವತ್ತೈದು ರೂಪಾಯಿ."

"ಮುರಿದಿರೋದು ಒಂದು. ಮುರೀದೇ ಇರೋದಕ್ಕೆ ನಾನ್ಯಾಕೆ ದುಡ್ಡು ಕೊಡ್ಲಿ?"

"ಎರಡೂ ಒಟ್ಟಿಗೇ ಭಾರ ಹೊತ್ತಿರೋವು. ಒಂದು ಹೋದ್ಮೇಲೆ ಇನ್ನೊಂದು ಎಷ್ಟು ದಿನ ತಡೀತದೆ? ಒಂದೇ ಹಾಕಿ, ನಾಳೆ ಯಾರ ತಲೆ ಮೇಲಾದ್ರೂ ಬಿದ್ರೆ ಬೈರಪ್ಪ ಹಾಕಿದ್ದು ಅಂತಾರೆ. ನಾನು ಹಾಕಲ್ಲ."

"ಹಾಗಾದ್ರೆ ನಾಲ್ಕು ಜನ ಹಿಡಿದು ಎತ್ತಿದ್ರಾಯ್ತು, ಬಿಡಿ."

ಆಗ ನನ್ನ ಮಗಳು ಮಹಾನಂದ ಚೊಚ್ಚಲ ಹೆರಿಗೆಗೆಂದು ದಾವಣಗೆರೆಯಿಂದ ಬಂದಿದ್ದಳು, ಏಳು ತುಂಬಿತ್ತು. ಅಳಿಯನ ಮನೆಯವರಿಗೆ ಇವರು ಹೇಳಿಕಳಿಸಿದ್ದೇನು? "ನಮ್ಮಲ್ಲಿ ಕಾರಿದೆ, ನೋವು ಬಂದ ಹತ್ತು ನಿಮಿಷಕ್ಕೆ ಆಸ್ಪತ್ರೆ." ನಾನು ಅದನ್ನೇ ನೆನಪಿಸಿದೆ. "ಮಗಳಿಗೋಸ್ಕರನಾದ್ರೂ ಸರಿ ಮಾಡ್ಸಿ ಅಂದ್ರೆ," ಎಂದೆ. "ಅದಕ್ಕಿನ್ನೂ ಎರಡು ತಿಂಗಳಿದೆ ಕಣೇ," ಎಂದರು. ಎರಡು ತಿಂಗಳು ಕಳೆಯುವುದೇ ಇಲ್ಲವೇನೋ ಎಂಬಂತೆ.

ಅಂದಿನಿಂದ ನಮ್ಮ ಮನೆಯಲ್ಲಿ ಶಟರು ಸೇವೆ ಶುರುವಾಯಿತು. ಬೆಳಗ್ಗೆ ಒಂಬತ್ತಕ್ಕೆ ಎತ್ತುವ ಸೇವೆ, ಸಂಜೆ ಏಳಕ್ಕೆ ಇಳಿಸುವ ಸೇವೆ. ಪಕ್ಕದ ಮನೆಯ ಹೈಸ್ಕೂಲು ಮೇಷ್ಟ್ರು ಶೀನಣ್ಣ, ಅವರ ತಮ್ಮ ರಾಮಾನುಜ, ಎದುರು ಮನೆಯ ಗಂಗಾಧರಯ್ಯನವರು, ಜೊತೆಗೆ ದಾರಿಯಲ್ಲಿ ಸಿಕ್ಕವರೊಬ್ಬರು. ನಾಲ್ವರೂ ಎತ್ತಿ ಹಿಡಿದರೆ ನಮ್ಮವರು ನನ್ನ ಒನಕೆಯನ್ನು ಆಸರೆ ಕೊಡುತ್ತಿದ್ದರು. ಮನೆ ಬಾಗಿಲಿಗೆ ಬಂದು ಮೈ ಬಗ್ಗಿಸಿದವರನ್ನು ಹಾಗೇ ಕಳಿಸುವುದಕ್ಕಾಗುತ್ತದೆಯೇ? ಕಾಫಿ. ಬರಿಯ ಕಾಫಿ ಕೊಡುವುದಕ್ಕಾಗುತ್ತದೆಯೇ? ಜೊತೆಗೆ ಉಪ್ಪಿಟ್ಟು, ಇಲ್ಲವೇ ಕೋಡುಬಳೆ. ಶೀನಣ್ಣನವರು ಆಚಾರವಂತರು, ಮೊದಲ ವಾರ ಎರಡು ಬಾಳೆಹಣ್ಣಿಗೆ ನಿಂತರು. ಎರಡನೇ ವಾರ ಫಿಲ್ಟರಿನ ವಾಸನೆ ಜಗಲಿಗೆ ಬಂತು. "ಹಾಲು ಹಾಕಿದ್ಮೇಲೆ ದೋಷವಿಲ್ಲ ಬಿಡಿ, ನಮ್ಮಾಕೆ ಚೂಡಾಮಣಿಗೆ ಮಾತ್ರ ಹೇಳ್ಬೇಡಿ," ಎಂದು ಲೋಟ ಎತ್ತಿಕೊಂಡರು. ಸಂಜೆ ಎರಡನೇ ಲೋಟ ಅವರೇ ಕೇಳಿದರು.

ತಿಂಗಳಿಗೆ ತಂದ ಕಾಫಿಪುಡಿ ಹನ್ನೆರಡು ದಿನಕ್ಕೆ ಮುಗಿಯಿತು. ಹಾಲಿನವಳಿಗೆ ಇನ್ನೊಂದು ಪಾವು ಹೆಚ್ಚು ಹೇಳಿದೆ. "ಇಷ್ಟರಲ್ಲಿ ಎರಡಲ್ಲ, ನಾಲ್ಕು ಸ್ಪ್ರಿಂಗು ಬರ್ತಿತ್ತಲ್ರೀ," ಎಂದರೆ ಅವರ ಉತ್ತರ ಕೇಳಿ: "ಕಾಫಿ ಮನೇದು ಕಣೇ. ಸ್ಪ್ರಿಂಗು ದುಡ್ಡಿಂದು." ಇಂಥ ಬುದ್ಧಿವಂತರ ಜೊತೆ ಇಪ್ಪತ್ತಾರು ವರ್ಷ ಬಾಳಿದ ನನಗೆ ಸರ್ಕಾರದವರು ಪಿಂಚಣಿ ಕೊಡಬೇಕು.

ನೋವು ಬಂದದ್ದು ಅಮಾವಾಸ್ಯೆಯ ದಿನ, ಬೆಳಗಿನ ಹನ್ನೊಂದಕ್ಕೆ. ನಮ್ಮವರ ಅಂಗಡಿಗೆ ರಜೆ, ಹಾಗಾಗಿ ಅಂದು ಎತ್ತುವ ಸೇವೆಯೂ ಇಲ್ಲ, ಕಾರು ಶೆಡ್ಡಿನಲ್ಲಿ, ಶಟರು ನೆಲದಲ್ಲಿ. ಶೀನಣ್ಣ ಸ್ಕೂಲಿಗೆ, ರಾಮಾನುಜ ಆಫೀಸಿಗೆ, ಗಂಗಾಧರಯ್ಯನವರು ಯಾರದೋ ತಿಥಿಯೂಟಕ್ಕೆ. ಬೀದಿಯಲ್ಲಿ ಗಂಡಸು ಎಂಬ ಪ್ರಾಣಿ ಇದ್ದರೆ ಅದು ನಮ್ಮವರೊಬ್ಬರೇ. ಅವರು ಶಟರಿನ ಮುಂದೆ ನಿಂತು, "ಸಂಜೆ ತನಕ ತಡ್ಕೊಳ್ಳೋಕಾಗಲ್ವಾ?" ಎಂದು ಕೇಳಿದರು. ಯಾರನ್ನು ಕೇಳಿದರೋ, ಮಗಳನ್ನೋ ಹುಟ್ಟಲಿರುವ ಕೂಸನ್ನೋ.

ಮಹಾನಂದ ಜಗಲಿ ಕಂಬ ಹಿಡಿದು ಹಲ್ಲು ಕಚ್ಚಿಕೊಂಡು ನಿಂತಿದ್ದಳು. ನಾನು ಕೂಗಿದೆ. ಪಾತ್ರೆ ತೊಳೆಯುತ್ತಿದ್ದ ಮುನಿಯಕ್ಕ ಬೂದಿ ಕೈಯಲ್ಲೇ ಓಡಿಬಂದಳು. ಸೊಪ್ಪು ಮಾರುವ ಪಿಳ್ಳಮ್ಮ ಬುಟ್ಟಿ ಇಳಿಸಿದಳು. ಚೂಡಾಮಣಿ ಮಡಿಸೀರೆಯಲ್ಲೇ ಬಂದು ಶಟರಿಗೆ ಕೈಯಿಟ್ಟಳು.

"ನಿಮ್ಮ ಮಡಿ ಹೋಗತ್ತೆ," ಎಂದೆ.

"ಹೋದ್ರೆ ಇನ್ನೊಂದ್ಸಲ ಮುಳುಗ್ತೀನಿ. ಎತ್ತ್ರೀ! ಅಬ್ಬಾ, ದಿನಾ ಎರಡು ಲೋಟ ಕಾಫಿಗೆ ನಮ್ಮನೆಯವ್ರು ಇಷ್ಟು ಕಷ್ಟ ಪಡ್ತಾರಾ?"

ನಾಲ್ಕು ಜನ ಹೆಂಗಸರು ಎತ್ತಿದೆವು. ಎದೆಮಟ್ಟಕ್ಕೆ ಬಂತು, ತಲೆ ದಾಟಿತು. ಒನಕೆ ಕೊಟ್ಟೆವು. ನಮ್ಮವರು ಕಾರು ಹತ್ತಿ ಹಿಂದಕ್ಕೆ ತೆಗೆದರು. ಮುಕ್ಕಾಲು ಕಾರು ಹೊರಗೆ ಬಂದಿತ್ತು. ಅಷ್ಟರಲ್ಲಿ ಮುಂದಿನ ಮಡ್ಗಾರ್ಡು ಒನಕೆಗೆ ತಗುಲಿತು. ಒನಕೆ ಜಾರಿತು, ಉರುಳೆಯೊಳಗಿದ್ದ ಎರಡನೇ ಸ್ಪ್ರಿಂಗೂ ಟಣ್ಣೆಂದು ಮುರಿಯಿತು, ಇಡೀ ಶಟರು ಬಾನೆಟ್ಟಿನ ಮೇಲೆ ಕೂತಿತು. ಕಾರು ಅತ್ತಲೂ ಇಲ್ಲ, ಇತ್ತಲೂ ಇಲ್ಲ.

ನಮ್ಮವರು ಕೆಳಗಿಳಿದರು. ಮಗಳ ಕಡೆ ತಿರುಗಲಿಲ್ಲ. ಬಾನೆಟ್ಟಿನ ತಗ್ಗನ್ನು ಸವರುತ್ತಾ, "ಅಯ್ಯೋ, ಬಣ್ಣವೆಲ್ಲ ಎದ್ದುಹೋಯ್ತಲ್ಲೇ!" ಎಂದು ಗೋಳಾಡಿದರು. ಹಿಂದೆ ಮಹಾನಂದ "ಅವ್ವಾ" ಎಂದು ಕುಸಿದಳು. ಎಲ್ಲಿತ್ತೋ ಆ ದನಿ, ಬೀದಿಯ ಆ ತುದಿಗೂ ಕೇಳುವಂತೆ ಕೂಗಿದೆ:

"ಏಕಾಂತಯ್ಯ! ಕಾರು ಬಿಟ್ಟು ಮಗಳನ್ನ ಹಿಡ್ಕೊಳ್ಳಿ!"

ಪಿಳ್ಳಮ್ಮ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ನಮ್ಮವರು ಯಾರೋ ಕೆನ್ನೆಗೆ ಹೊಡೆದ ಹಾಗೆ ತಿರುಗಿದರು. ಆಮೇಲೆ ಓಡಿಹೋಗಿ ಮಗಳನ್ನು ಹಿಡಿದುಕೊಂಡರು. ನನಗೆ ಪಶ್ಚಾತ್ತಾಪವಾಯಿತೆಂದು ಬರೆದರೆ ಸುಳ್ಳಾಗುತ್ತದೆ. ಮೊದಲೇ ಕರೆಯಬೇಕಿತ್ತು ಅನ್ನಿಸಿತು.

ಪಿಳ್ಳಮ್ಮ ಮೂಲೆಯಿಂದ ಜಟಕಾ ಹಿಡಿದುಕೊಂಡು ಬಂದಳು. ಮುದುಕ ಜಟಕಾದವನು ಹುಲ್ಲಿನ ಮೇಲೆ ತನ್ನ ಕಂಬಳಿ ಹಾಸಿ, ಕಲ್ಲಿರುವ ಕಡೆಯೆಲ್ಲ ಕುದುರೆಯನ್ನು ನಡೆಸಿಕೊಂಡು, ಕೋಟೆ ಹತ್ತಿರದ ಆಸ್ಪತ್ರೆಗೆ ಮುಟ್ಟಿಸಿದ. ಬಾಡಿಗೆ ಹನ್ನೆರಡಾಣೆ. ಒಂದು ಗಂಟೆಯೊಳಗೆ ಹೆಣ್ಣುಕೂಸು ಹುಟ್ಟಿತು. ಡಾಕ್ಟರಮ್ಮ, "ಇನ್ನರ್ಧ ಗಂಟೆ ತಡವಾಗಿದ್ರೆ ಕಷ್ಟವಿತ್ತು," ಎಂದರು. ವರಾಂಡದಲ್ಲಿದ್ದ ನಮ್ಮವರು ಅದನ್ನು ಕೇಳಿ ಬೆಂಚಿನ ಮೇಲೆ ಕೂತುಬಿಟ್ಟರು.

ಹತ್ತು ದಿನದ ಮೇಲೆ ಬಾಣಂತಿಯನ್ನೂ ಮಗುವನ್ನೂ ಕರೆತಂದದ್ದು ಜಟಕಾದಲ್ಲೇ. ಕಾರು ಇನ್ನೂ ಶಟರಿನ ಬಾಯಲ್ಲೇ ಇತ್ತು. ಎತ್ತುವ ಸೇವೆಯವರು ಒಂದು ದಿನ ಬಂದಿದ್ದರಂತೆ. ನಾನಿಲ್ಲದ ಮನೆಯಲ್ಲಿ ಒಲೆ ಹೊತ್ತದೆ ಇದ್ದುದನ್ನು ನೋಡಿ ಶೀನಣ್ಣನವರಿಗೆ ಸ್ಕೂಲಿನ ಹೊತ್ತು ನೆನಪಾಯಿತಂತೆ. ನಾನು ಬಂದ ಮೇಲೂ ಜಗಲಿಗೆ ಕಾಫಿ ಹೋಗಲಿಲ್ಲ.

ಕೊನೆಗೆ ದೊಡ್ಡಬೈರಪ್ಪನವರನ್ನೇ ಕರೆಸಬೇಕಾಯಿತು. ಬಾನೆಟ್ಟಿನ ರಿಪೇರಿಗೆ ಗ್ಯಾರೇಜಿನವನು ನೂರ ಎಂಬತ್ತು ಹೇಳಿದ್ದ. ಬೀದಿಯವರು ಆ ತಗ್ಗಿನ ಮಾತೇ ಆಡುತ್ತಿರಲಿಲ್ಲ. ಅವರು ಆಡುತ್ತಿದ್ದುದು ನಾನು ಕೂಗಿದ ಹೆಸರಿನ ಮಾತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರಲ್ಲ, ಇವರದು ಸ್ಪ್ರಿಂಗಿಗೆ ಹೋಯಿತು.

ಇಷ್ಟಾದರೂ ನಮ್ಮವರು ಏಣಿಯ ಕೆಳಗೆ ನಿಂತು ದನಿ ತಗ್ಗಿಸಿ ಕೇಳಿದರು. "ಬೈರಪ್ಪ, ಈಗ ಒಂದು ಹೊಸದು ಹಾಕಿ, ಇನ್ನೊಂದನ್ನ ಬೆಸುಗೆ ಹಾಕಿಸಿದ್ರೆ ಹೇಗೆ?"

ನಾನು ಬಾಗಿಲಿಗೆ ಬಂದೆ. ಬಾಯಿ ತೆರೆದೆ, ಅಷ್ಟೆ.

"ಎರಡೂ ಹೊಸದೇ ಹಾಕಿ!" ಎಂದುಬಿಟ್ಟರು ನಮ್ಮವರು, ಬೀದಿಯ ಆ ಕಡೆ ಈ ಕಡೆ ನೋಡುತ್ತಾ. "ಜೋಡಿನೇ ಹಾಕಿ. ದುಡ್ಡಿನ ಮುಖ ನೋಡ್ಬೇಡಿ."

ಒಳಗೆ ಬಾಣಂತಿ ಕೋಣೆಯಲ್ಲಿ ಮಹಾನಂದ ನಕ್ಕದ್ದು ಕೇಳಿಸಿತು. ನಾನು ಕೇಳಲು ಬಂದದ್ದು ಬೈರಪ್ಪನವರ ಕಾಫಿಗೆ ಸಕ್ಕರೆಯೋ ಬೆಲ್ಲವೋ ಎಂದು.