ಬೋರಲು ಹಾಕಿದ ಪಾತ್ರೆ

ಬಲಗೈ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿದ್ದ ನೇರಳೆ ಮೇಣ ಮಾತ್ರ ಬರಲಿಲ್ಲ. ಪಕ್ಕದ ಮನೆಯ ನರ್ಸಮ್ಮ ಬಿಸಿನೀರಲ್ಲಿ ಅದ್ದಿದ ಬಟ್ಟೆ ಒತ್ತಿ ನೋಡಿದಳು. ಹೇರ್‌ಪಿನ್ನಿನ ತುದಿಯಿಂದ ಕೆರೆದಳು. ಸತ್ತವಳಿಗೆ ನೋವಾಗುತ್ತದೇನೋ ಎಂಬಂತೆ ನಡುನಡುವೆ ಕೈ ತಡೆದು ಮುಖ ನೋಡುತ್ತಿದ್ದಳು.

"ಬಿಡಿ ನರ್ಸಮ್ಮ," ಎಂದಳು ತಂಗಿಯ ಮಗಳು. "ಉಗುರಲ್ಲಿ ಮೇಣ ಇಲ್ಲದಿದ್ರೆ ಮೇಲೆ ದೊಡ್ಡಮ್ಮನ್ನ ಯಾರೂ ಗುರುತು ಹಿಡಿಯಲ್ಲ."

ನರ್ಸಮ್ಮ ನಕ್ಕುಬಿಟ್ಟಳು. ನಕ್ಕಿದ್ದಕ್ಕೆ ನಾಚಿ, ಶಿಲುಬೆ ಗುರುತು ಹಾಕಿಕೊಂಡು, ಆ ಕೈಯನ್ನು ಜಪಸರದ ಕೆಳಗೆ ಜೋಡಿಸಿಟ್ಟಳು.

ತಂಗಿ ಹೊಸ್ತಿಲಾಚೆ ನಿಂತು ನೋಡುತ್ತಿದ್ದಳು. ಅಕ್ಕನ ಕೋಣೆಯ ಹೊಸ್ತಿಲನ್ನು ಅವಳು ಹದಿನಾಲ್ಕು ವರ್ಷದಿಂದ ದಾಟಿರಲಿಲ್ಲ. ಅವಳ ಕೈಯಲ್ಲಿ ಇಸ್ತ್ರಿ ಮಾಡಿದ ಬಿಳಿ ಬಟ್ಟೆಯ ತುಂಡೊಂದಿತ್ತು. ಪೆಟ್ಟಿಗೆ ಮುಚ್ಚುವ ಮೊದಲು ಅದನ್ನು ಮುಖಕ್ಕೆ ಹೊದಿಸಬೇಕು. ತೀರ ಹತ್ತಿರದವರು ಹೊದಿಸಬೇಕು.

"ನೀನು ಹೊದಿಸ್ತೀಯೋ ಅಮ್ಮ, ನಾನು ಹೊದಿಸಲೋ?" ಮಗಳು ಕೇಳಿದಳು. "ಹತ್ತು ಗಂಟೆಗೆ ಫಾದರ್ ಬರ್ತಾರೆ. ಆಗ ಎಲ್ಲರ ಎದುರು ಯೋಚನೆ ಮಾಡ್ತಾ ನಿಲ್ಲಬೇಡ."

"ನೋಡೋಣ," ಎಂದಳು ತಂಗಿ.

ಗಡಿಯಾರದಲ್ಲಿ ಎಂಟೂವರೆ.

ಸತ್ತವಳಿಗೆ ಎಪ್ಪತ್ತನಾಲ್ಕು. ಮದುವೆಯಾಗಿರಲಿಲ್ಲ. ಇಗರ್ಜಿಗೆ ಬರುವ ಧರ್ಮಕೇಂದ್ರದವರೆಲ್ಲ ಅವಳನ್ನು ಮೇಣದಕ್ಕ ಎನ್ನುತ್ತಿದ್ದರು. ಪೀಠದ ಮೇಲೆ ಉರಿದು ಉಳಿದ ಮೋಟು ಮೇಣದ ಬತ್ತಿಗಳನ್ನು ಚೀಲದಲ್ಲಿ ತಂದು, ಹಿತ್ತಲ ಕೋಣೆಯಲ್ಲಿ ಕರಗಿಸಿ, ತಗಡಿನ ಕೊಳವೆಗಳಲ್ಲಿ ಎರೆದು ನಲವತ್ತು ವರ್ಷ ಇಗರ್ಜಿಗೆ ಹೊಸ ಬತ್ತಿ ಮಾಡಿಕೊಟ್ಟವಳು. ಕ್ರಿಸ್‌ಮಸ್ ಹಬ್ಬಕ್ಕೆ ಕಾಯುವ ಆಗಮನ ಕಾಲದ ನಾಲ್ಕು ಭಾನುವಾರಗಳಿಗೆ ನಾಲ್ಕು ಬತ್ತಿ, ಮೂರು ನೇರಳೆ, ಒಂದು ಗುಲಾಬಿ. ಈ ವರ್ಷದವೂ ಆಗಿದ್ದವು. ಎರಡು ಹೊತ್ತಿಸಿಯಾಗಿತ್ತು. ನಾಳೆ ಗುಲಾಬಿ ಬಣ್ಣದ್ದರ ಸರದಿ. ಗುರುವಾರ ಮಧ್ಯಾಹ್ನ ಊಟವಾದ ಮೇಲೆ ಸ್ವಲ್ಪ ಅಡ್ಡಾಗುತ್ತೇನೆಂದು ಮಲಗಿದವಳು ಏಳಲಿಲ್ಲ.

ಅಡ್ಡಾಗುತ್ತೇನೆಂದು ಹೇಳಿದ್ದು ಬೆಕ್ಕಿಗೆ.

ಅಕ್ಕ ತಂಗಿಯರು ಒಂದೇ ಮನೆಯಲ್ಲಿದ್ದು ಮಾತು ಬಿಟ್ಟವರು. ಹೇಳಲೇಬೇಕಾದದ್ದನ್ನು ಬೆಕ್ಕಿಗೆ ಹೇಳುತ್ತಿದ್ದರು. "ಬೆಕ್ಕೇ, ಹಾಲು ಒಡೆದಿದೆ ಅಂತ ಹೇಳು" ಎಂದು ತಂಗಿ ಅಂದರೆ, ಅಡುಗೆಮನೆಯಿಂದ "ಬೆಕ್ಕೇ, ನಿನ್ನೇನೇ ಒಡೆದಿತ್ತು, ಮೂಗಿದ್ದೋರಿಗೆ ಗೊತ್ತಾಗ್ತಿತ್ತು ಅಂತ ಹೇಳು" ಎಂದು ಉತ್ತರ ಬರುತ್ತಿತ್ತು. ಚಳಿಗಾಲದಲ್ಲಿ ತಂಗಿಯ ಮಂಚದ ಮೇಲೆ ಬಿಸಿನೀರಿನ ಚೀಲ ಇರುತ್ತಿತ್ತು. ಬೆಕ್ಕಿಗೆ ಚಳಿ ಎಂದು ಅಕ್ಕ ಗೋಡೆಗೆ ಕೇಳುವಂತೆ ಹೇಳುತ್ತಿದ್ದಳು. ಬೆಕ್ಕು ಆ ಮಂಚದ ಮೇಲೆ ಒಂದು ದಿನವೂ ಮಲಗಿದ್ದಿಲ್ಲ. ಮೊದಲ ಬೆಕ್ಕು ಸತ್ತು, ಎರಡನೆಯದು ಓಡಿಹೋಗಿ, ಈಗಿರುವುದು ಮೂರನೆಯದು. ಅದು ಬೆಳಗಿನಿಂದ ಇಬ್ಬರ ಕೋಣೆಗಳ ನಡುವಿನ ಜಾಗದಲ್ಲಿ ಕುಳಿತಿತ್ತು.

ತಂಗಿಯನ್ನು ಕಾಡುತ್ತಿದ್ದದ್ದು ಒಂದು ವಾಸನೆ. ಗುರುವಾರ ಸಂಜೆಯಿಂದ ಮನೆಯಲ್ಲಿ ಮೇಣದ ವಾಸನೆ ಸುಳಿಯುತ್ತಿತ್ತು.

"ಸುತ್ತ ಆರು ಬತ್ತಿ ಉರೀತಿದೆಯಲ್ಲಮ್ಮ," ಎಂದಿದ್ದಳು ಮಗಳು.

ತಂಗಿ ವಾದ ಮಾಡಲಿಲ್ಲ. ಆದರೆ ಉರಿಯುವ ಮೇಣದ ವಾಸನೆ ಬೇರೆ, ಕರಗುವ ಮೇಣದ ವಾಸನೆ ಬೇರೆ. ಇದು ಪಾತ್ರೆಯಲ್ಲಿ ನಿಧಾನವಾಗಿ ಕರಗುವ ಮೇಣ. ಆ ಮನೆಯಲ್ಲಿ ಹುಟ್ಟಿ ಬೆಳೆದ ಮೂಗಿಗೆ ಅಷ್ಟು ಗೊತ್ತಾಗುತ್ತದೆ.

*

ಮೇಣದ ಕೆಲಸ ಅವರ ತಾಯಿಯದು. ತಾಯಿ ಆಗಮನ ಕಾಲಕ್ಕೆ ಇನ್ನೊಂದು ನೇಮ ಮಾಡಿದ್ದಳು. ಮೊದಲ ಭಾನುವಾರ ಹೊರಕೋಣೆಯ ಗೂಡಿನಲ್ಲಿ ಮೇವಿನ ತೊಟ್ಟಿಯಂಥ ಪುಟ್ಟ ಮರದ ಗೋದಲಿ ಇಡುವಳು, ಬರಿದಾಗಿ. ಪಕ್ಕದಲ್ಲೊಂದು ಹಿಡಿ ಒಣಹುಲ್ಲು. ಯಾರಿಗೂ ತಿಳಿಯದಂತೆ ಯಾರಿಗಾದರೂ ಒಂದು ಒಳ್ಳೆಯದು ಮಾಡಿದರೆ, ಒಂದು ಕಡ್ಡಿ ಹುಲ್ಲು ಗೋದಲಿಗೆ ಹಾಕಬೇಕು. ಹಬ್ಬದ ದಿನ ಅದರಲ್ಲಿ ಮಲಗಿಸುವ ದೇವರ ಕೂಸಿಗೆ ಹಾಸಿಗೆ ಮೆತ್ತಗಾಗಲಿ ಎಂದು.

"ಏನು ಮಾಡಿದೆ ಅಂತ ಬಾಯಿಬಿಟ್ಟರೆ ಹುಲ್ಲು ವಾಪಸ್ ತೆಗೀಬೇಕು," ಎನ್ನುತ್ತಿದ್ದಳು ತಾಯಿ.

ತಂಗಿಗೆ ಬಾಯಿ ನಿಲ್ಲುತ್ತಿರಲಿಲ್ಲ. ಬೆಳಿಗ್ಗೆ ಹಾಕಿದ ಕಡ್ಡಿಯನ್ನು ಸಂಜೆಯೊಳಗೆ ಮುಖ ಸಿಂಡರಿಸಿಕೊಂಡು ತೆಗೆಯುತ್ತಿದ್ದಳು. ಒಮ್ಮೆ ತಾಯಿಯ ಗಾಜಿನ ಜಗ್ ಒಡೆದದ್ದು ತಂಗಿ. ಏಟು ತಿಂದದ್ದು ಅಕ್ಕ. ಮರುದಿನ ಗೋದಲಿಯಲ್ಲಿ ಒಂದು ಕಡ್ಡಿ ಹೆಚ್ಚಿತ್ತು. ಯಾರದು ಎಂದು ತಾಯಿ ಕೇಳಲಿಲ್ಲ. ಅಕ್ಕ ಹೇಳಲೂ ಇಲ್ಲ. ಹಬ್ಬದವರೆಗೂ ಆ ಕಡ್ಡಿ ಅಲ್ಲೇ ಇತ್ತು.

*

ಒಂಬತ್ತೂಕಾಲಿಗೆ ವಾಸನೆ ಎಷ್ಟು ದಟ್ಟವಾಯಿತೆಂದರೆ, ತಂಗಿ ಬಂದವರ ಕೈ ಬಿಡಿಸಿಕೊಂಡು ಹಿತ್ತಲಿಗೆ ನಡೆದಳು. ಯಾರೋ ಒಲೆ ಹೊತ್ತಿಸಿದ್ದಾರೆ ಎಂದೇ ಅವಳ ಅನುಮಾನ. ಮೇಣದ ಕೋಣೆಯ ಬಾಗಿಲು ತಳ್ಳಿದಳು.

ಒಲೆ ತಣ್ಣಗಿತ್ತು. ಕೊಳವೆಗಳು ಉದ್ದದ ಪ್ರಕಾರ ಗೋಡೆಗೆ ಒರಗಿದ್ದವು. ಬತ್ತಿಯ ದಾರದ ಉಂಡೆಗೆ ಧೂಳು ಕೂರದಂತೆ ಹಳೆಯ ಕಾಲುಚೀಲ ತೊಡಿಸಿತ್ತು. ಒಲೆಯ ಪಕ್ಕದ ಕಲ್ಲಿನ ಮೇಲೆ ಮೇಣದ ಪಾತ್ರೆ ಬೋರಲಾಗಿತ್ತು. ಎತ್ತಿ ನೋಡಿದಳು. ಕಲ್ಲಿನ ಮೇಲೆ ಧೂಳಿಲ್ಲದ ದುಂಡನೆಯ ಗುರುತು.

ಹೌದಲ್ಲ, ಎಂದುಕೊಂಡಳು. ಇದು ಆಗಮನ ಕಾಲ. ಪಾತ್ರೆ ಬೋರಲೇ ಇರಬೇಕು.

ಅದೂ ತಾಯಿಯ ನೇಮ. ಕಾಯುವ ದಿನಗಳು ಶುರುವಾಗುವ ಮುಂಚೆ ಕೆಲಸವೆಲ್ಲ ಮುಗಿದಿರಬೇಕು. ಮೊದಲ ಭಾನುವಾರದ ಹಿಂದಿನ ದಿನ ಪಾತ್ರೆ ತೊಳೆದು ಬೋರಲು ಹಾಕಿದರೆ, ಹಬ್ಬ ಕಳೆಯುವ ತನಕ ಅದನ್ನು ಒಲೆಯ ಮೇಲಿಡುವಂತಿಲ್ಲ. ಅಕ್ಕ ನಲವತ್ತು ವರ್ಷದಲ್ಲಿ ಒಮ್ಮೆಯೂ ಇದನ್ನು ತಪ್ಪಿಸಿದವಳಲ್ಲ. ಒಂದು ವರ್ಷ ಬತ್ತಿ ಕಡಿಮೆ ಬಿದ್ದು ಫಾದರೇ ಬಂದು ಕೇಳಿದಾಗಲೂ, "ಅಂಗಡೀಲಿ ತಗೊಳ್ಳಿ ಫಾದರ್, ನನ್ನ ಪಾತ್ರೆ ಮಲಗಿದೆ" ಎಂದವಳು.

ತಂಗಿ ಪಾತ್ರೆಯನ್ನು ಕೈಯಲ್ಲಿ ಹಿಡಿದು ಹಾಗೆಯೇ ನಿಂತಳು. ಅವಳ ಗಂಡ ಸತ್ತದ್ದು ಆಗಮನ ಕಾಲದ ಎರಡನೆಯ ವಾರ, ಬುಧವಾರ.

*

ತಿಂಗಳುಗಟ್ಟಲೆ ಹಾಸಿಗೆ ಹಿಡಿದಿದ್ದ ಅವನು ಆ ಬುಧವಾರ ಬೆಳಿಗ್ಗೆ ಸ್ವಲ್ಪ ಗೆಲುವಾಗಿದ್ದ. ತಂಗಿ ಆಗ ಶಾಲೆಯೊಂದರ ಕಚೇರಿಯಲ್ಲಿ ಕೆಲಸಕ್ಕಿದ್ದಳು. ಅಲ್ಲಿನ ಬೀರುವಿನ ಕೀಲಿ ಅವಳ ಬಳಿ ಉಳಿದಿತ್ತು, ಕೊಟ್ಟು ಬರಬೇಕಿತ್ತು. ಒಂದು ಗಂಟೆಯಲ್ಲಿ ಬರುತ್ತೇನೆ, ಉಸಿರು ಬದಲಾದರೆ ಮೊದಲು ಫಾದರನ್ನು ಕರೆಸು ಎಂದು ಅಕ್ಕನಿಗೆ ಎರಡು ಸಲ ಹೇಳಿ ಹೊರಟಳು. ಭಾನುವಾರ ಮಕ್ಕಳಿಗೆ ಧರ್ಮೋಪದೇಶ ಕಲಿಸುತ್ತಿದ್ದವಳು ಅವಳು. ಸಾಯುವವರಿಗೆ ಪವಿತ್ರ ತೈಲದ ಅಭ್ಯಂಗ ಏಕೆ ಬೇಕೆಂದು ಇಪ್ಪತ್ತು ವರ್ಷ ಮಕ್ಕಳ ಬಾಯಲ್ಲಿ ಹೇಳಿಸಿದ್ದಳು.

ಹಿಂತಿರುಗಿದಾಗ ಎಲ್ಲ ಮುಗಿದಿತ್ತು. ಗಂಡ ಗೋಡೆಯ ಕಡೆ ತಿರುಗಿ ಮಲಗಿದ್ದ. ಮೇಜಿನ ಮೇಲಿಟ್ಟ ಬತ್ತಿ ಹೊತ್ತಿಸಿಯೇ ಇರಲಿಲ್ಲ. ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

"ಫಾದರ್ ಬಂದ್ರಾ?"

"ಕರೆಸೋಕೆ ಮರೆತೆ," ಎಂದಳು ಅಕ್ಕ. "ಮೇಣ ಒಲೆ ಮೇಲಿತ್ತು."

ಅಕ್ಕ ಅವಳೊಂದಿಗೆ ನೇರವಾಗಿ ಆಡಿದ ಕೊನೆಯ ಮಾತು ಅದು. ಒಂದು ಪಾತ್ರೆ ಮೇಣಕ್ಕೋಸ್ಕರ ನನ್ನ ಗಂಡನನ್ನು ಬರಿಗೈಯಲ್ಲಿ ಕಳಿಸಿದಳು ಎಂದು ತಂಗಿ ಬಂದವರಿಗೆಲ್ಲ ಹೇಳಿದಳು. ಅಕ್ಕ ಕೇಳಿಸಿಕೊಳ್ಳುವಂತೆಯೇ ಹೇಳಿದಳು. ಪ್ರತಿ ರಾತ್ರಿ ಅವಳಿಗೆ ಗಂಡ ಎಲ್ಲೋ ಕತ್ತಲೆಯ ಓಣಿಯೊಂದರಲ್ಲಿ ಬಾಗಿಲು ತಟ್ಟುತ್ತಿರುವಂತೆ ಅನಿಸುತ್ತಿತ್ತು. ಬಾಗಿಲು ತೆರೆಯುವವರಿಲ್ಲ.

*

ಹಿತ್ತಲ ಮೆಟ್ಟಿಲ ಮೇಲೆ ಗಂಟೆಯಜ್ಜ ಕುಳಿತಿದ್ದ. ಇಗರ್ಜಿಯ ಗಂಟೆ ಹೊಡೆಯುವವನು, ಪೀಠದ ಪರಿಚಾರಕ. ಫಾದರ್ ರೋಗಿಗಳ ಬಳಿ ಹೋಗುವಾಗ ಮುಂದೆ ದೀಪ ಹಿಡಿಯುವವನೂ ಅವನೇ. ಎಂಬತ್ತು ದಾಟಿದ್ದರೂ ಮೇಣದಕ್ಕನ ಸಾವಿನ ಗಂಟೆಯನ್ನು ತಾನೇ ಹೊಡೆಯಬೇಕೆಂದು ಹಟ ಹಿಡಿದಿದ್ದ. ಈಗ ನಡೆದು ಬಂದ ದಮ್ಮು ಸುಧಾರಿಸಿಕೊಳ್ಳುತ್ತಿದ್ದ.

ತಂಗಿ ಪಾತ್ರೆಯೊಂದಿಗೆ ಅವನ ಮುಂದೆ ನಿಂತಳು.

"ಗಂಟೆಯಜ್ಜ, ಆಗಮನ ಕಾಲದಲ್ಲಿ ನಮ್ಮಕ್ಕ ಯಾವತ್ತಾದ್ರೂ ಮೇಣ ಕಾಯಿಸಿದ್ದು ನೋಡಿದ್ದೀಯಾ?"

ಅಜ್ಜ ಪಾತ್ರೆ ನೋಡಿದ. ಅವಳ ಮುಖ ನೋಡಿದ. ಟೊಪ್ಪಿಗೆ ತೆಗೆದು ಮೊಣಕಾಲಿನ ಮೇಲಿಟ್ಟುಕೊಂಡ.

"ಇಷ್ಟು ವರ್ಷ ಬೇಕಾಯ್ತೇನಮ್ಮ ನಿನಗೆ?" ಎಂದ.

"ಹೇಳು."

"ಹೇಳಲ್ಲ ಅಂತ ಅವಳಿಗೆ ಮಾತು ಕೊಟ್ಟಿದ್ದೆ."

"ಅವಳು ಹೋದಳಲ್ಲ."

"ಮಾತು ಹೋಗಿಲ್ಲವಲ್ಲ." ಅಜ್ಜ ಟೊಪ್ಪಿಗೆಯನ್ನು ಮೊಣಕಾಲಿನ ಮೇಲೆ ಒಮ್ಮೆ ತಿರುಗಿಸಿದ. ಆಮೇಲೆ ಹಿತ್ತಲ ಗೇಟಿನ ಕಡೆ ಗಲ್ಲ ತೋರಿಸಿದ. "ನಾವು ಆ ಕಡೆಯಿಂದ ಬಂದ್ವಿ. ಹಳೇ ಫಾದರ್ ತೈಲ ಹಿಡಿದಿದ್ರು, ನಾನು ದೀಪ. ಫೋನು ಮಾಡಿ ಹತ್ತು ನಿಮಿಷ ಆಗಿರಲಿಲ್ಲ."

ತಂಗಿ ಪಾತ್ರೆಯನ್ನು ಎದೆಗೊತ್ತಿಕೊಂಡಳು.

ಉಳಿದದ್ದನ್ನು ಅಜ್ಜ ನೆಲ ನೋಡುತ್ತ ಹೇಳಿದ. ತೈಲ ಹಚ್ಚಲೇ ಎಂದು ಫಾದರ್ ಮೂರು ಸಲ ಕೇಳಿದರು. ಮೂರು ಸಲವೂ ರೋಗಿ ಬೇಡವೆಂದು ತಲೆಯಾಡಿಸಿದ. ಮೂರನೆಯ ಸಲ ಗೋಡೆಯ ಕಡೆ ತಿರುಗಿಬಿಟ್ಟ. ನನಗೆ ಇದರಲ್ಲಿ ನಂಬಿಕೆ ಹೋಗಿ ಬಹಳ ವರ್ಷವಾಯಿತು, ನನ್ನ ಹೆಂಡತಿಗೆ ಮಾತ್ರ ಹೇಳಬೇಡಿ, ತಡೆದುಕೊಳ್ಳುವುದಿಲ್ಲ ಎಂದ. ಅಷ್ಟೇ. ಗೇಟಿನ ಹತ್ತಿರ ಅಕ್ಕ ಇಬ್ಬರನ್ನೂ ನಿಲ್ಲಿಸಿ, ನೀವು ಬಂದೇ ಇಲ್ಲ, ಕರೆಯಲು ನಾನೇ ಮರೆತೆ ಎಂದಳು. ಸುಳ್ಳು ಹೇಳುವುದು ಪಾಪ ಎಂದು ಫಾದರ್ ಗದರಿದರು.

"ಅದಕ್ಕೆ ಏನಂದಳು?"

"ಶನಿವಾರ ಪಾಪನಿವೇದನೆಗೆ ಬರ್ತೀನಲ್ಲ ಫಾದರ್, ಆಗ ಬೈಯಿರಿ ಅಂದಳು." ಅಜ್ಜ ನಗಲು ಹೋದ, ಆಗಲಿಲ್ಲ. "ಅಕ್ಕನ ಮೇಲೆ ಸಿಟ್ಟು ಮಾಡ್ಕೊಂಡು ನೀನು ಬದುಕಿಕೊಳ್ತೀಯ, ಗಂಡನ ವಿಷಯ ಗೊತ್ತಾದ್ರೆ ಬದುಕಲ್ಲ ಅಂತ ನಾನೂ ಒಪ್ಕೊಂಡೆ. ತಪ್ಪಾಯ್ತೇನೋ."

ಮುಂಬಾಗಿಲಲ್ಲಿ ಫಾದರ್ ಬಂದ ಸದ್ದಾಯಿತು.

*

ತಂಗಿ ಹೊಸ್ತಿಲು ದಾಟಿದ್ದನ್ನು ನರ್ಸಮ್ಮ ನೋಡಿದಳು, ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಫಾದರ್ ಪ್ರಾರ್ಥನೆ ಮುಗಿಸಿದ್ದರು. ಪೆಟ್ಟಿಗೆಯ ಮುಚ್ಚಳ ಹಿಡಿದು ನಿಂತ ಬಡಗಿ ಅವಳಿಗಾಗಿ ಕಾದ.

ಅವಳು ಬಟ್ಟೆ ಬಿಡಿಸಿದಳು. ಬಾಯಿ ತೆರೆದಳು. ಹದಿನಾಲ್ಕು ವರ್ಷದ ರೂಢಿಗೆ ಕಣ್ಣು ತಾನಾಗಿ ಕಾಲ ಬಳಿ ಬೆಕ್ಕನ್ನು ಹುಡುಕಿತು. ಬೆಕ್ಕಿರಲಿಲ್ಲ.

ಆಮೇಲೆ ಬಾಗಿ, ಕಿವಿಯ ಹತ್ತಿರ, ಬೇರೆ ಯಾರಿಗೂ ಕೇಳದಂತೆ ಹೇಳಿದಳು:

"ಅಕ್ಕಾ, ಮೇಣ ಒಲೆ ಮೇಲಿರಲಿಲ್ಲ."

ಮುಖಕ್ಕೆ ಬಟ್ಟೆ ಹೊದಿಸುವ ಮೊದಲು, ಜಪಸರದ ಕೆಳಗಿನ ಆ ಹೆಬ್ಬೆರಳನ್ನು ಒಮ್ಮೆ ಒತ್ತಿದಳು. ಉಗುರಿನ ಸಂದಿಯ ಮೇಣ ಅವಳ ಬೆರಳಿಗೆ ಮೆತ್ತಗೆ ತಗುಲಿತು.

ಗಂಟೆಯಜ್ಜ ಗಂಟೆ ಹೊಡೆದ. ಬಲಿಪೂಜೆಯಾಯಿತು. ಮಣ್ಣು ಹಾಕಿಯಾಯಿತು. ಇಗರ್ಜಿಯಲ್ಲಿ ಹೊತ್ತಿಸದೆ ಉಳಿದ ಎರಡು ಬತ್ತಿಗಳನ್ನು ನೋಡಿ ಹಲವರು ಕಣ್ಣೊರೆಸಿಕೊಂಡರು.

ಸಂಜೆಗೆ ಮನೆಯಲ್ಲಿ ತಾಯಿ ಮಗಳಿಬ್ಬರೇ ಉಳಿದರು. ಮಗಳು ಬಟ್ಟಲುಗಳನ್ನು ಒಂದರೊಳಗೊಂದು ಪೇರಿಸುತ್ತ ಕೇಳಿದಳು: "ಕಿವಿಯಲ್ಲಿ ಏನಂದೆ ಅಮ್ಮ? ಅಪ್ಪನ್ನ ಹಾಗೆ ಕಳಿಸಿದ್ದನ್ನ ಕ್ಷಮಿಸಿದೆಯಾ?"

ಗೋಡೆಯಲ್ಲಿ ಅಪ್ಪನ ಪಟವಿತ್ತು. ಮಗಳು ಪ್ರತಿ ಸಲ ಬಂದಾಗಲೂ ಅದರ ಗಾಜು ಒರೆಸುತ್ತಿದ್ದಳು. ಅಪ್ಪ ತನ್ನನ್ನು ಮೊದಲ ಪರಮಪ್ರಸಾದಕ್ಕೆ ಕೈ ಹಿಡಿದು ಕರೆದುಕೊಂಡು ಹೋದದ್ದನ್ನು ತನ್ನ ಮಕ್ಕಳಿಗೆ ಕತೆಯಂತೆ ಹೇಳುತ್ತಿದ್ದಳು. ತಂಗಿ ಪಟವನ್ನು ನೋಡಿದಳು. ಬಾಯಿಬಿಟ್ಟರೆ ಎರಡೇ ವಾಕ್ಯದ ಕೆಲಸ.

"ಅವಳು ಮರೆತಿರಲಿಲ್ಲ," ಎಂದಳು. "ಫಾದರನ್ನ ಕರೆಸಲಾ ಅಂತ ಅವಳು ಕೇಳಿದ್ದಳು. ಈಗಲೇ ಬೇಡ, ನಾನು ಬಂದ ಮೇಲೆ ನೋಡೋಣ ಅಂದೋಳು ನಾನು. ತಪ್ಪು ನನ್ನದು."

ಬಟ್ಟಲು ಪೇರಿಸುತ್ತಿದ್ದ ಕೈ ನಿಂತಿತು.

"ಮತ್ತೆ ಇಷ್ಟು ವರ್ಷ ದೊಡ್ಡಮ್ಮನ್ನ..."

"ಹ್ಞೂಂ."

"ಊರಿಗೆಲ್ಲ ಹೇಳ್ಕೊಂಡು ಬಂದೆಯಲ್ಲ ಅಮ್ಮ. ನನ್ನ ಹತ್ರಾನೂ ಹೇಳಿಸಿದೆ. ನಾನೂ ಅವರ ಜೊತೆ ಸರಿಯಾಗಿ ಮಾತಾಡ್ಲಿಲ್ಲ."

ತಂಗಿ ಉಳಿದೊಂದು ಬಟ್ಟಲನ್ನು ಮಗಳ ಕಡೆ ಸರಿಸಿದಳು. ಮಗಳು ಅವಳನ್ನು ಹೊಸಬರನ್ನು ನೋಡುವಂತೆ ನೋಡಿ, ಬಟ್ಟಲುಗಳನ್ನೆತ್ತಿಕೊಂಡು ಒಳಗೆ ಹೋದಳು. ನಲ್ಲಿಯ ನೀರು ಜೋರಾಗಿ ಬಿದ್ದ ಸದ್ದು ಬಂತು, ನಿಲ್ಲಲಿಲ್ಲ.

ತಂಗಿ ಎದ್ದು ಗೂಡಿನ ಹತ್ತಿರ ಹೋದಳು. ಅಕ್ಕ ಈ ವರ್ಷವೂ ಗೋದಲಿ ಇಟ್ಟಿದ್ದಳು. ಹುಲ್ಲಿನ ಹಿಡಿಯಿಂದ ಒಂದು ಕಡ್ಡಿ ಆರಿಸಿ ಒಳಗೆ ಹಾಕಿದಳು. ಬಾಯಿ ಮುಚ್ಚಿಕೊಂಡೇ ಹಾಕಿದಳು.

ಆಗ ಮತ್ತೆ ವಾಸನೆ ಬಂತು.

ಹಿತ್ತಲ ಕೋಣೆಯ ಬಾಗಿಲು ಅವಳು ಬೆಳಿಗ್ಗೆ ಬಿಟ್ಟಂತೆಯೇ ತೆರೆದಿತ್ತು. ಒಲೆಯಲ್ಲಿ ಬೆಂಕಿಯಿರಲಿಲ್ಲ. ಅವಸರದಲ್ಲಿ ಮೆಟ್ಟಿಲ ಮೇಲೆ ಬಿಟ್ಟುಹೋದ ಪಾತ್ರೆಯನ್ನು ಯಾರೋ, ಗಂಟೆಯಜ್ಜನೇ ಇರಬೇಕು, ತಂದು ಕಲ್ಲಿನ ಮೇಲೆ ಅದರ ದುಂಡು ಗುರುತಿಗೆ ಸರಿಯಾಗಿ ಬೋರಲು ಹಾಕಿದ್ದರು. ಅದರ ಮೇಲೆ ಬೆಕ್ಕು ಸುರುಳಿಯಾಗಿ ಮಲಗಿತ್ತು. ಬೆಚ್ಚಗಿಲ್ಲದ ಕಡೆ ಮಲಗುವ ಬೆಕ್ಕಲ್ಲ ಅದು.

ತಂಗಿ ಅದನ್ನು ಎಬ್ಬಿಸಲಿಲ್ಲ. ಹೊಟ್ಟೆಯ ಕೆಳಗೆ ಬೆರಳು ತೂರಿಸಿ ತಗಡು ಮುಟ್ಟಿದಳು. ಬಿಸಿಯಾಗಿತ್ತು. ಬೆಕ್ಕಿನ ಮೈ ಶಾಖವಿರಬಹುದು. ತಿಳಿದುಕೊಳ್ಳಲೆಂದು ಅವಳು ಕೈಯನ್ನು ಪಾತ್ರೆಯ ಆಚೆ ಬದಿಗೆ, ಬೆಕ್ಕು ಮಲಗಿರದ ಅಂಚಿನ ಕಡೆಗೆ, ನಿಧಾನವಾಗಿ ಸರಿಸತೊಡಗಿದಳು.