ದಿಬ್ಬಕ್ಕೆ ಹತ್ತಿದ ನಿಲ್ದಾಣಗಳು

ಹಿಂದೆ, ಬಹಳ ಹಿಂದೇನಲ್ಲ, ಹೋದ ದಸರೆಯ ತನಕ ಎನ್ನಿ, ತ್ಯಾಗಲಿ ಕಡೆಯಿಂದ ಶಿರಸಿಗೆ ಹೋಗುವ ಒಂದು ಕೆಂಪು ಬಸ್ಸಿತ್ತಂತೆ. ಯಾವ ಮನೆಯನ್ನೂ ದಾಟಿ ಹೋಗಬಾರದೆಂದು ಅದಕ್ಕೆ ಯಾವ ಋಷಿಯ ಶಾಪವಿತ್ತೋ, ಇಪ್ಪತ್ತು ಕಿಲೋಮೀಟರ್ ದಾರಿಯಲ್ಲಿ ಇಪ್ಪತ್ತಾರು ಕಡೆ ನಿಲ್ಲುತ್ತಿತ್ತು. ಪ್ರತಿ ಮನೆಯ ದಾರಿಗೊಂದು ದಣಪೆ ಎಂಬ ಬೇಲಿಬಾಗಿಲು, ಪ್ರತಿ ದಣಪೆಗೊಂದು ನಿಲುಗಡೆ. ಒಂದನ್ನು ಬಿಟ್ಟರೂ ಆ ಮನೆಗೆ ಅವಮಾನ. ಹೀಗಾಗಿ ಎಂಟಕ್ಕೆ ಹೊರಟದ್ದು ಶಿರಸಿ ಮುಟ್ಟುವಾಗ ಒಂಬತ್ತೂ ಹತ್ತು.

ಆ ಹತ್ತು ನಿಮಿಷ ಸಮೃದ್ಧಿಯ ಇಡೀ ವರ್ಷವನ್ನೇ ನುಂಗುವುದರಲ್ಲಿತ್ತು. ನರ್ಸಿಂಗ್ ಓದುವ ಹುಡುಗಿ. ಒಂಬತ್ತರ ತರಗತಿ ತಪ್ಪಿ ತಪ್ಪಿ ಹಾಜರಿ ಅಂಚಿಗೆ ಬಂದಿತ್ತು. ದಸರಾ ರಜೆಯ ನಂತರ ಒಂದೇ ದಿನ ತಡವಾದರೂ ಪರೀಕ್ಷೆಗೆ ಕೂರಿಸುವುದಿಲ್ಲವೆಂದು ಕಾಲೇಜಿನಿಂದ ಪತ್ರ ಬಂತು. ಅವಳ ದೊಡ್ಡಪ್ಪನ ಮಗಳು ರಮ್ಯಶ್ರೀ ನಗರದಲ್ಲಿ ಮೆಟ್ರೋ ರೈಲಿನ ನಿಲ್ದಾಣಗಳು ಎಲ್ಲೆಲ್ಲಿರಬೇಕೆಂದು ನಕ್ಷೆ ಬರೆಯುವವಳು. ರಜೆಗೆ ಬಂದವಳು ಪತ್ರ ಓದಿ ಎದ್ದು ನಿಂತಳು.

"ಅಜ್ಜೀ, ರಜೆ ಮುಗಿದ ದಿನ ತಂಗಿನ ಒಂಬತ್ತರೊಳಗೆ ಬೆಂಚಿನ ಮೇಲೆ ಆನು ಕೂರ್ಸ್ತೆ. ಇದು ಎನ್ನ ಮಾತು."

"ಇದು ನಿನ್ನ ರೈಲಲ್ಲ ಕೂಸೇ, ಹುಚ್ಚನ ಬಸ್ಸು," ಎಂದು ರಾಜೀವಜ್ಜಿ ನಕ್ಕರು. ಹುಚ್ಚ ಎಂಬುದು ಆ ಬಸ್ಸಿನ ಚಾಲಕನ ಹೆಸರು.

ನಿಲುಗಡೆ ಕಡಿಮೆ ಮಾಡಲು ಊರವರು ಒಪ್ಪಿದರೆ ತಮ್ಮದೇನೂ ತಕರಾರಿಲ್ಲ ಎಂದರು ಡಿಪೋದವರು. ಒಂದೊಂದು ನಿಲುಗಡೆಗೂ ಒಂದೂವರೆ ನಿಮಿಷ ಹೋಗುತ್ತದೆ: ಬ್ರೇಕು, ಬಾಗಿಲು, ಎರಡು ಮಾತು, ಮತ್ತೆ ವೇಗ ಹಿಡಿಯುವ ಹೆಣಗಾಟ. ರಮ್ಯಶ್ರೀ ಎರಡೂವರೆ ಕಿಲೋಮೀಟರಿಗೊಂದರಂತೆ ಅಚ್ಚುಕಟ್ಟಾಗಿ ಎಂಟು ನಿಲ್ದಾಣ ಗುರುತಿಸಿ, ಹಾಲಿನ ಡೇರಿಯಲ್ಲಿ ಜನ ಸೇರಿಸಿದಳು. ಅದರಲ್ಲೊಂದು ಗೌರಕ್ಕ ಎಂಬಾಕೆಯ ದಣಪೆಯೆದುರೇ ಬಿದ್ದಿತ್ತು.

"ಗೌರಕ್ಕನ ದಣಪೆಲಿ ಆನು ಹೋಗಿ ಕಾಯವಾ? ಎಂತಕ್ಕೆ?" ಅವಳ ಪಕ್ಕದ ಮನೆಯ ವಿಘ್ನೇಶ್ವರ ಹೆಗಡೆ ಭುಸುಗುಟ್ಟಿದರು.

"ಬಾರೋ ತಮ್ಮಾ, ಆಸರಿಗೆ ಕುಡಿಯಲೆ ಕೊಡ್ತೆ. ದಣಪೆ ಹಾಕದು ಮಾತ್ರ ಮರೆಯಡ!" ಎಂದಳು ಗೌರಕ್ಕ.

ಡೇರಿಯೇ ನಗೆಯಲ್ಲಿ ಮುಳುಗಿತು. ಸಭೆ ಮುರಿಯಿತು.

ಮರುದಿನ ರಮ್ಯಶ್ರೀ ಹುಚ್ಚನ ಪಕ್ಕದ ಸೀಟಿನಲ್ಲಿ ನಕ್ಷೆ ಹಿಡಿದು ಕೂತಳು. ಅವಳು ಗುರುತಿಸಿದ ಮೂರನೆಯ ಜಾಗ ಏರಿನ ನಟ್ಟನಡುವೆ. ಅಲ್ಲಿ ನಿಲ್ಲಿಸಿ ಮತ್ತೆ ಹೊರಡುವಾಗ ಬಸ್ಸು ಮುದಿ ಕೋಣದಂತೆ ನರಳಿತು.

"ಇಲ್ಲಿ ಯಾರಾದ್ರೂ ನಿಲ್ಲಿಸ್ತಾರಾ ಅಕ್ಕೋರೆ?" ಎಂದ ಹುಚ್ಚ. "ದಿಬ್ಬದ ನೆತ್ತಿ ಕೊಡಿ ನಂಗೆ. ಏರಿಗೆ ಬಸ್ಸು ತಾನೇ ಸುಸ್ತಾಗಿ ನಿಲ್ತದೆ, ಇಳಿಜಾರಿಗೆ ತಾನೇ ಓಡ್ತದೆ."

ರಮ್ಯಶ್ರೀ ಬೆರಗಾದಳು. ನೆಲದಡಿಯ ರೈಲಿಗೂ ನಿಲ್ದಾಣವನ್ನು ಕೊಂಚ ಎತ್ತರದಲ್ಲೇ ಕಟ್ಟುತ್ತಾರೆ, ಬರುವ ರೈಲಿನ ವೇಗ ಏರಿನಲ್ಲಿ ತಾನೇ ಇಳಿಯಲಿ, ಹೋಗುವಾಗ ಇಳಿಜಾರು ದೂಡಲಿ ಎಂದು. ತಾನೇ ಎಷ್ಟು ಸಲ ಬರೆದಿದ್ದಳು! ಕಿಟಕಿಯಾಚೆ ನೋಡಿದಳು. ಮನೆಗಳೆಲ್ಲ ತಗ್ಗಿನಲ್ಲಿದ್ದವು. ದಿಬ್ಬದ ನೆತ್ತಿಯಲ್ಲಿ ಯಾರ ದಣಪೆಯೂ ಇರಲಿಲ್ಲ.

ಸಂಜೆ ಮತ್ತೆ ಡೇರಿ.

"ಬೆಳಗಿನ ಒಂದು ಬಸ್ಸಿಗೆ ಮಾತ್ರ, ಎಂಟು ದಿಬ್ಬ. ಯಾರ ಮನೆ ಎದುರಿಗೂ ನಿಲ್ತಿಲ್ಲೆ," ಎಂದಳು ರಮ್ಯಶ್ರೀ.

ವಿಘ್ನೇಶ್ವರ ಹೆಗಡೆ ಯೋಚಿಸಿದರು. "ಗೌರಕ್ಕನೂ ದಿಬ್ಬ ಹತ್ತವಾ?"

"ಹತ್ತವು, ಎಲ್ಲರೂ ಹತ್ತಲೇ ಬೇಕು."

"ಹಂಗಾರೆ ಅಡ್ಡಿಲ್ಲೆ!"

"ನಿನ್ನಕಿಂತ ಮೊದ್ಲು ಆನು ಹತ್ತಿರ್ತೆ, ನೋಡ್ತಾ ಇರು," ಎಂದಳು ಗೌರಕ್ಕ.

ರಜೆ ಮುಗಿದ ಬೆಳಿಗ್ಗೆ ಎಂಟಕ್ಕೆ ಬಸ್ಸು ಹೊರಟಿತು. ದಣಪೆಗಳು ಒಂದೊಂದಾಗಿ ಹಿಂದೆ ಸರಿದವು. ಮೂರನೆಯ ದಿಬ್ಬದಲ್ಲಿ ಗೌರಕ್ಕ ಮೊದಲೇ ನಿಂತಿದ್ದಳು, ಏದುಸಿರು ಬಿಡುತ್ತ ಹೆಗಡೆಯವರು ಅವಳ ಹಿಂದೆ. ಹುಚ್ಚ ಹಾರ್ನ್ ಹಾಕಿ ನಕ್ಕ. ಇಳಿಜಾರುಗಳಲ್ಲಿ ಬಸ್ಸು ಹಾರಿದಂತೆ ಓಡಿತು. ಸಮೃದ್ಧಿ ಗಡಿಯಾರದಿಂದ ಕಣ್ಣು ಕೀಳಲಿಲ್ಲ. ಶಿರಸಿಯ ಬಸ್ ನಿಲ್ದಾಣ ಕಂಡಾಗ ಎಂಟೂ ನಲವತ್ಮೂರು. ಇಡೀ ಬಸ್ಸು ಹೋ ಎಂದು ಕೂಗಿತು. ಅಕ್ಕತಂಗಿಯರಿಬ್ಬರೂ ಕೈ ಹಿಡಿದು ಓಡಿದರು.

ಒಂಬತ್ತರ ಗಂಟೆ ಬಾರಿಸಿದಾಗ ರಮ್ಯಶ್ರೀ ಕಾಲೇಜಿನ ಕಾರಿಡಾರಿನಲ್ಲಿದ್ದಳು. ಒಳಗೆ ಹಾಜರಿ ಕರೆಯುತ್ತಿದ್ದರು. ಸಮೃದ್ಧಿಯ ಹೆಸರು ಬಂತು.

"ಯೆಸ್ ಮ್ಯಾಡಮ್!" ಮೊದಲ ಬೆಂಚಿನಿಂದ ದನಿ ಎದ್ದಿತು.